ಪೊರೆ ತೆಗೆಸುವ ಮೊದಲು

ನಂದೊಳ್ಳಿಯಲ್ಲಿ ಸಂಜೆ ಹೊತ್ತು ಓದು ಬರಹ ಕಲಿಯಲು ಬರುವವರಲ್ಲಿ ಒಬ್ಬರು ಅಜ್ಜಿ. ವಯಸ್ಸು 70ರ ಹತ್ತಿರ. ಅಡಿಕೆ ಸುಲಿಯುವುದರಲ್ಲಿ ಅವರ ಕೈ ಈಗಲೂ ಚುರುಕು. ಅಕ್ಷರ ಕಲಿಯುವುದರಲ್ಲೂ ಅಷ್ಟೇ ಚುರುಕು. ಮೂರು ತಿಂಗಳಲ್ಲಿ ತಮ್ಮ ಹೆಸರು ಬರೆದರು. ಯಲ್ಲಾಪುರದ ಪೇಟೆಯಲ್ಲಿ ಬಸ್ಸಿನ ಬೋರ್ಡು ಓದಿದರು. ಅವತ್ತು ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಒಂದು ದಿನ ಅವರು ಪುಸ್ತಕ ಮುಚ್ಚಿಬಿಟ್ಟರು.

"ಅಕ್ಕೋರೆ, ಅಕ್ಷರ ಎಲ್ಲಾ ಹೊಗೆಯೊಳಗೆ ಇದ್ದ ಹಾಗೆ ಕಾಣ್ತದೆ. ಇನ್ನು ನನಗೆ ಸಾಕು" ಅಂದರು.

ಅವರ ಕಣ್ಣಿಗೆ ಪೊರೆ ಬಂದಿತ್ತು. ಇದನ್ನೇ ಕೆಲವರು ಮೋತಿಬಿಂದು ಅನ್ನುತ್ತಾರೆ. ಆಪರೇಷನ್ ಮಾಡಿಸಿದರೆ ಮತ್ತೆ ಓದಬಹುದು ಎಂದು ನಾವು ಧೈರ್ಯ ಹೇಳಿದೆವು. ಅಜ್ಜಿ ಒಪ್ಪಿದರು. ಮಗನ ಜೊತೆ ಹುಬ್ಬಳ್ಳಿಗೆ ಹೋದರು. ಆದರೆ ಅದೇ ದಿನ ಸಂಜೆ ತಿರುಗಿ ಬಂದರು.

"ಹೋದ ಕೆಲಸ ಆಗಲಿಲ್ಲ. ಕಣ್ಣಲ್ಲಿ ನೀರು ಬರ್ತದೆ, ಈಗ ಮಾಡೂದಿಲ್ಲ ಅಂದ್ರು" ಎಂದು ಬೇಸರ ಮಾಡಿಕೊಂಡರು.

ಕೇರಿಯವರು ಒಬ್ಬೊಬ್ಬರು ಒಂದೊಂದು ಹೇಳಿದರು. "ಬೇರೆ ಆಸ್ಪತ್ರೆಗೆ ಹೋಗಿ" ಅಂದರು ಒಬ್ಬರು. "ಅಲ್ಲಿ ನೀರು ಬರೋ ಸುದ್ದಿ ಹೇಳಲೇಬೇಡಿ, ಒರೆಸಿಕೊಂಡು ಹೋಗಿ" ಅಂದರು ಇನ್ನೊಬ್ಬರು. ನಿಜ ಹೇಳಬೇಕೆಂದರೆ, ನಮಗೂ ಆಗ ಅದೇ ಸರಿ ಅನ್ನಿಸಿತ್ತು.

ಆದರೆ ಅದು ಸರಿಯಲ್ಲ. ಅಜ್ಜಿ ಹಾಗೆ ಮಾಡಿದ್ದರೆ ಆ ಕಣ್ಣು ಶಾಶ್ವತವಾಗಿ ಹೋಗಬಹುದಿತ್ತು. ಯಾಕೆ? ಬನ್ನಿ, ತಿಳಿಯೋಣ.

ಪೊರೆ ಅಂದರೆ ಏನು?

ನಮ್ಮ ಕಣ್ಣಿನ ಒಳಗೆ ಒಂದು ಮಸೂರ ಇದೆ. ಇದನ್ನು ಲೆನ್ಸ್ ಅನ್ನುತ್ತಾರೆ. ಅದು ಗಾಜಿನ ಹಾಗೆ ತಿಳಿಯಾಗಿರುತ್ತದೆ. ಅದರ ಮೂಲಕ ಬೆಳಕು ಒಳಗೆ ಹೋಗುತ್ತದೆ. ವಯಸ್ಸಾದ ಹಾಗೆ ಈ ಮಸೂರ ಮಸುಕಾಗುತ್ತದೆ. ಇದೇ ಪೊರೆ.

ಪೊರೆಗೆ ಮಾತ್ರೆ ಇಲ್ಲ. ಹನಿ ಔಷಧವೂ ಇಲ್ಲ. ಆಪರೇಷನ್ ಒಂದೇ ದಾರಿ. ವೈದ್ಯರು ಕಣ್ಣಿನ ಅಂಚಿನಲ್ಲಿ ಸಣ್ಣ ಗಾಯ ಮಾಡುತ್ತಾರೆ. ಮಸುಕಾದ ಮಸೂರ ತೆಗೆಯುತ್ತಾರೆ. ಅಲ್ಲಿ ಹೊಸ ಮಸೂರ ಕೂರಿಸುತ್ತಾರೆ. ಹೆಚ್ಚಿನವರಿಗೆ ಇದರಿಂದ ಒಳ್ಳೆಯ ದೃಷ್ಟಿ ಬರುತ್ತದೆ.

ಗಾಯ ಸಣ್ಣದೇ. ಆದರೆ ಅದು ಕಣ್ಣಿನ ಒಳಗೆ ಹೋಗುವ ಬಾಗಿಲು. ಆ ಬಾಗಿಲು ತೆರೆದಾಗ ರೋಗಾಣು ಒಳಗೆ ಹೋಗಬಾರದು. ಇದೇ ಮುಖ್ಯ.

ಹಾಲಿಗೆ ಹೆಪ್ಪು ಬಿದ್ದ ಹಾಗೆ

ರೋಗಾಣುಗಳಲ್ಲಿ ಬ್ಯಾಕ್ಟೀರಿಯಾ ಎಂಬುದು ಒಂದು ಬಗೆ. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಸಾಸಿವೆ ಕಾಳಿನ ಅಗಲದಲ್ಲಿ ಸಾವಿರ ಬ್ಯಾಕ್ಟೀರಿಯಾ ಸಾಲಾಗಿ ನಿಲ್ಲಬಹುದು. ಅಷ್ಟು ಸಣ್ಣದು.

ಎಲ್ಲ ಬ್ಯಾಕ್ಟೀರಿಯಾ ಕೆಟ್ಟದ್ದಲ್ಲ. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ. ರಾತ್ರಿ ಹಾಲಿಗೆ ಒಂದು ಚಮಚ ಮಜ್ಜಿಗೆ ಹಾಕುತ್ತೇವೆ. ಬೆಳಗಾಗುವುದರೊಳಗೆ ಪಾತ್ರೆಯ ಹಾಲೆಲ್ಲ ಹೆಪ್ಪುಗಟ್ಟುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ರಾತ್ರಿಯೊಳಗೆ ಕೋಟಿ ಕೋಟಿ ಆಗುತ್ತದೆ.

ಕಣ್ಣಿನ ಹೊರಗೆ ಬ್ಯಾಕ್ಟೀರಿಯಾ ಹೀಗೆ ಬೆಳೆಯಲು ಸುಲಭವಲ್ಲ. ನಾವು ರೆಪ್ಪೆ ಬಡಿಯುತ್ತೇವೆ. ಕಣ್ಣೀರು ತೊಳೆಯುತ್ತಲೇ ಇರುತ್ತದೆ. ಕಣ್ಣೀರಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವೂ ಇದೆ. ಆ ಗುಣ ಕೊಡುವ ವಸ್ತುವನ್ನು 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಮುಂದೆ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದವರೂ ಇವರೇ.

ಆದರೆ ಕಣ್ಣಿನ ಒಳಗೆ ಕಣ್ಣೀರು ಹೋಗುವುದಿಲ್ಲ. ಒಳಗೆ ತಿಳಿಯಾದ ಲೋಳೆಯಂಥ ವಸ್ತು ತುಂಬಿದೆ. ಅಲ್ಲಿ ರಕ್ತನಾಳಗಳೂ ಇಲ್ಲ. ಹಾಗಾಗಿ ಅಲ್ಲಿಗೆ ಹೊಕ್ಕ ಬ್ಯಾಕ್ಟೀರಿಯಾ, ಹಾಲಿಗೆ ಬಿದ್ದ ಹೆಪ್ಪಿನ ಹಾಗೆ ಬೇಗ ಬೆಳೆಯುತ್ತದೆ. ಕಣ್ಣೊಳಗೆ ಕೀವಾಗುತ್ತದೆ. ಒಂದೆರಡು ದಿನದಲ್ಲೇ ದೃಷ್ಟಿ ಹಾಳಾಗಬಹುದು.

ಆದ್ದರಿಂದ ಬಂದ ಮೇಲೆ ಔಷಧ ಹಾಕುವುದಕ್ಕಿಂತ, ಬಾರದ ಹಾಗೆ ತಡೆಯುವುದೇ ಜಾಣತನ.

ಇದು ನಮಗೆ ಹೊಸ ಮಾತೇನಲ್ಲ. ಅಡಿಕೆಗೆ ಕೊಳೆ ರೋಗ ಬರುತ್ತದೆ. ಕೊಳೆ ಬಂದು ಕಾಯಿ ಉದುರತೊಡಗಿದ ಮೇಲೆ ಮದ್ದು ಹೊಡೆದರೆ, ಬಿದ್ದ ಕಾಯಿ ತಿರುಗಿ ಮರಕ್ಕೆ ಹತ್ತುತ್ತದೆಯೇ? ಅದಕ್ಕೇ ಮಳೆಗಾಲ ಜೋರಾಗುವ ಮೊದಲೇ ಮೈಲುತುತ್ತ, ಸುಣ್ಣ ಕಲಸಿ ಕೊನೆಗೆ ಮದ್ದು ಹೊಡೆಯುತ್ತೇವೆ. ಕಣ್ಣಿಗೂ ಅದೇ ನೀತಿ.

ರೋಗಾಣು ಎಲ್ಲಿಂದ ಬರುತ್ತದೆ?

ಎರಡು ದಾರಿಯಿಂದ ಬರುತ್ತದೆ.

ಒಂದನೆಯದು ಆಸ್ಪತ್ರೆಯ ಕಡೆಯ ದಾರಿ. ಸಲಕರಣೆ, ಔಷಧ, ನೀರು, ಕೈ ಇವುಗಳ ಮೂಲಕ ಬರಬಹುದು. ಬೆಂಗಳೂರಿನಲ್ಲಿ ಮಿಂಟೋ ಎಂಬ ಹಳೆಯ ಸರ್ಕಾರಿ ಕಣ್ಣಾಸ್ಪತ್ರೆ ಇದೆ. ಅಲ್ಲಿ 2019ರ ಜುಲೈ 9ರಂದು ಪೊರೆ ಆಪರೇಷನ್ ಆದವರಲ್ಲಿ 20ಕ್ಕೂ ಹೆಚ್ಚು ಜನರ ಕಣ್ಣಿಗೆ ಸೋಂಕು ತಗುಲಿತು. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದಿಂದ ಹೀಗಾಯಿತು. ಆಪರೇಷನ್‌ಗೆ ಬಳಸಿದ ಔಷಧದ ಮೇಲೆ ಅನುಮಾನ ಬಂತು. ಹಲವರ ಆ ಕಣ್ಣಿನ ದೃಷ್ಟಿ ಹೋಯಿತು. ಇದರಲ್ಲಿ ರೋಗಿಗಳ ತಪ್ಪೇನೂ ಇರಲಿಲ್ಲ. ಈ ದಾರಿ ಮುಚ್ಚುವುದು ಆಸ್ಪತ್ರೆ ಮತ್ತು ಔಷಧ ತಯಾರಿಸುವವರ ಹೊಣೆ. ಸಲಕರಣೆಗಳನ್ನು ಕುಕ್ಕರಿನಂಥ ದೊಡ್ಡ ಪಾತ್ರೆಯಲ್ಲಿ, ಬಿಸಿ ಹಬೆಯ ಒತ್ತಡದಲ್ಲಿ ಬೇಯಿಸಿ ಶುದ್ಧ ಮಾಡಬೇಕು. ಔಷಧ ಪರೀಕ್ಷೆ ಆಗಿರಬೇಕು.

ಎರಡನೆಯ ದಾರಿ ನಮ್ಮದೇ ಮೈ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಅಮೆರಿಕದ ನ್ಯೂಯಾರ್ಕ್ ನಗರದ ವೈದ್ಯರು ಒಂದು ಪರೀಕ್ಷೆ ಮಾಡಿದರು. ಅದು 1991ರಲ್ಲಿ ಪ್ರಕಟವಾಯಿತು. ಆಪರೇಷನ್ ನಂತರ ಕಣ್ಣೊಳಗೆ ಸೋಂಕಾದ 17 ಜನರನ್ನು ಅವರು ನೋಡಿದರು. ಕಣ್ಣೊಳಗಿನ ಬ್ಯಾಕ್ಟೀರಿಯಾವನ್ನು ಅದೇ ರೋಗಿಯ ರೆಪ್ಪೆ, ಕಣ್ಣಿನ ಹೊರಪದರ ಮತ್ತು ಮೂಗಿನ ಬ್ಯಾಕ್ಟೀರಿಯಾದ ಜೊತೆ ಹೋಲಿಸಿದರು. 17ರಲ್ಲಿ 14 ಜನರಲ್ಲಿ ಎರಡೂ ಒಂದೇ ಆಗಿತ್ತು!

ಅಂದರೆ, ಕಳ್ಳ ಹೊರಗಿನಿಂದ ಬಂದಿರಲಿಲ್ಲ. ಮನೆಯ ಜಗಲಿಯ ಮೇಲೇ ಕೂತಿದ್ದ. ಬಾಗಿಲು ತೆರೆದ ಕೂಡಲೇ ಒಳಗೆ ನುಗ್ಗಿದ.

ನಮ್ಮೆಲ್ಲರ ರೆಪ್ಪೆಯ ಮೇಲೂ ಬ್ಯಾಕ್ಟೀರಿಯಾ ಇದೆ. ಎಷ್ಟೇ ಶುಚಿಯಾಗಿದ್ದರೂ ಇದೆ. ಅದು ಹೊರಗೆ ಇರುವಷ್ಟು ದಿನ ತೊಂದರೆ ಇಲ್ಲ. ಹಾಗಾಗಿ ಆಪರೇಷನ್ ಮೊದಲು ಜಗಲಿಯನ್ನು ಗುಡಿಸಿ ಸಾರಿಸಬೇಕು. ಅದರಲ್ಲಿ ಸ್ವಲ್ಪ ಕೆಲಸ ವೈದ್ಯರದ್ದು. ಸ್ವಲ್ಪ ನಮ್ಮದು.

ಕಂದು ಬಣ್ಣದ ಔಷಧ

ಆಪರೇಷನ್ ಕೋಣೆಯಲ್ಲಿ ಮೊದಲು ಕಣ್ಣಿನ ಸುತ್ತ ಕಂದು ಬಣ್ಣದ ಔಷಧ ಹಚ್ಚುತ್ತಾರೆ. ಅದರ ಹೆಸರು ಪೊವಿಡೋನ್ ಅಯೋಡಿನ್. ಗಾಯಕ್ಕೆ ಹಚ್ಚುವುದನ್ನು ನೀವು ನೋಡಿರಬಹುದು. ಚರ್ಮಕ್ಕೆ ಸಾಮಾನ್ಯವಾಗಿ 100ಕ್ಕೆ 10ರ ಪ್ರಮಾಣದ್ದನ್ನು ಬಳಸುತ್ತಾರೆ. ಕಣ್ಣಿನೊಳಗೆ ಬಿಡಲು 100ಕ್ಕೆ 5ರ ಪ್ರಮಾಣದ್ದು. ಕಣ್ಣಿಗೆ ಬಿಟ್ಟ ಮೇಲೆ 3 ನಿಮಿಷ ಕಾಯುತ್ತಾರೆ. ಆಮೇಲೆ ತೊಳೆಯುತ್ತಾರೆ.

ಆ 3 ನಿಮಿಷ ಬಹಳ ದೊಡ್ಡದು. ನ್ಯೂಯಾರ್ಕಿನ ಅದೇ ಆಸ್ಪತ್ರೆಯಲ್ಲಿ 8,000ಕ್ಕೂ ಹೆಚ್ಚು ಆಪರೇಷನ್‌ಗಳನ್ನು ನೋಡಿದರು. ಈ ಔಷಧ ಹಾಕಿದ ಕಡೆ ಸೋಂಕು, ಹಿಂದಿನ ಔಷಧ ಹಾಕಿದ ಕಡೆಗಿಂತ ಸುಮಾರು ಕಾಲು ಭಾಗಕ್ಕೆ ಇಳಿದಿತ್ತು. ಇದರ ವರದಿಯೂ 1991ರಲ್ಲೇ ಬಂತು. ಇಂದು ಲೋಕದ ಎಲ್ಲ ಕಡೆ ಇದನ್ನು ಬಳಸುತ್ತಾರೆ. ಇದರ ಬೆಲೆಯೂ ಕಡಿಮೆ.

ಔಷಧ ಬಿಟ್ಟಾಗ ಸ್ವಲ್ಪ ಉರಿಯಬಹುದು. ಉರಿ ಆಗದಿರಲೆಂದು ಮೊದಲೇ ಮರಗಟ್ಟಿಸುವ ಹನಿ ಹಾಕುತ್ತಾರೆ. ಹೆದರಿ ಕೈಯಿಂದ ಕಣ್ಣು ಮುಟ್ಟಬೇಡಿ. ಈ ಔಷಧ ಹಚ್ಚಿದಾಗ ಹಿಂದೆ ಮೈ ದದ್ದು ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಬೇರೆ ಔಷಧ ಇದೆ. ಮನೆಯಲ್ಲಿರುವ ಗಾಯದ ಔಷಧವನ್ನು ಮಾತ್ರ ನೀವೇ ಕಣ್ಣಿಗೆ ಹಾಕಿಕೊಳ್ಳಬೇಡಿ. ಅದು ಕಣ್ಣಿಗಾಗಿ ಮಾಡಿದ್ದಲ್ಲ.

ಆಪರೇಷನ್ ಮುಗಿಯುವಾಗ ಕಣ್ಣೊಳಗೆ ಒಂದು ಔಷಧ ಹಾಕುವ ಪದ್ಧತಿಯೂ ಈಗ ಬಂದಿದೆ. ಮಧುರೈಯಲ್ಲಿ ಅರವಿಂದ ಕಣ್ಣಾಸ್ಪತ್ರೆ ಇದೆ. ಅದನ್ನು ಡಾ. ಜಿ. ವೆಂಕಟಸ್ವಾಮಿ ಅವರು 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದರು. ಅರವಿಂದದವರು 6 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳ ಲೆಕ್ಕ ತೆಗೆದು 2017ರಲ್ಲಿ ಪ್ರಕಟಿಸಿದರು. ಈ ಔಷಧ ಹಾಕದಾಗ 10,000 ಜನರಲ್ಲಿ 7 ಜನರಿಗೆ ಸೋಂಕಾಗುತ್ತಿತ್ತು. ಹಾಕಿದಾಗ ಅದು 2ಕ್ಕೆ ಇಳಿಯಿತು.

ಈ ಲೆಕ್ಕವನ್ನು ಇನ್ನೊಂದು ಸಲ ಓದಿ. 10,000ಕ್ಕೆ 2. ಅಂದರೆ ಸೋಂಕು ಬಹಳ ಅಪರೂಪ. ಹೆದರಿ ಆಪರೇಷನ್ ಬಿಡಬೇಡಿ. ಎಚ್ಚರ ಇರಲಿ, ಅಷ್ಟೇ.

ಅಜ್ಜಿಯನ್ನು ಯಾಕೆ ತಿರುಗಿ ಕಳಿಸಿದರು?

ಈಗ ನಮ್ಮ ಅಜ್ಜಿಯ ಸಂಗತಿಗೆ ಬರೋಣ.

ಕಣ್ಣಿನಿಂದ ಮೂಗಿಗೆ ಒಂದು ಸಣ್ಣ ನಾಳ ಇದೆ. ಕಣ್ಣೀರು ಅದರಲ್ಲಿ ಇಳಿದು ಹೋಗುತ್ತದೆ. ಅತ್ತಾಗ ಮೂಗೂ ಸೋರುವುದು ಇದಕ್ಕೇ. ಈ ನಾಳದ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲ ಇದೆ. ಅದು ಕಣ್ಣಿನ ಮೂಲೆಗೂ ಮೂಗಿಗೂ ನಡುವೆ ಇರುತ್ತದೆ.

ತೋಟದ ಕಾಲುವೆಗೆ ಸೊಪ್ಪು ಸದೆ ಸಿಕ್ಕಿಕೊಂಡರೆ ಏನಾಗುತ್ತದೆ? ನೀರು ನಿಲ್ಲುತ್ತದೆ. ನಿಂತ ನೀರು ಕೊಳೆಯುತ್ತದೆ. ಕಣ್ಣೀರಿನ ನಾಳ ಕಟ್ಟಿದರೂ ಹಾಗೇ. ಕಣ್ಣೀರು ಹೊರಗೆ ಸುರಿಯುತ್ತದೆ. ಚೀಲದಲ್ಲಿ ನಿಂತದ್ದು ಕೀವಾಗುತ್ತದೆ.

ವೈದ್ಯರು ಅಜ್ಜಿಯ ಕಣ್ಣಿನ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದ್ದರು. ಕೀವಿನಂಥ ಗೀಜು ಕಣ್ಣಿಗೆ ಬಂತು. ಅಂಥ ಕಣ್ಣಿಗೆ ಆಪರೇಷನ್ ಮಾಡಿದರೆ ಕೀವಿನ ಮಡುವಿನ ಪಕ್ಕದಲ್ಲೇ ಬಾಗಿಲು ತೆರೆದ ಹಾಗೆ. ಕಂದು ಔಷಧ ಹಾಕಿದರೂ ಸಾಲದು. ಚೀಲದಿಂದ ಕೀವು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ಅದಕ್ಕೇ ಅವರು ಆ ದಿನ ಪೊರೆ ತೆಗೆಯಲಿಲ್ಲ. ಅದು ಅಸಡ್ಡೆ ಅಲ್ಲ. ಕಣ್ಣು ಉಳಿಸುವ ಕೆಲಸ.

ಈ ವಿಷಯ ತಿಳಿಯಲು ನಾವು ಅಜ್ಜಿಯ ಜೊತೆ ಮತ್ತೊಮ್ಮೆ ಆಸ್ಪತ್ರೆಗೆ ಹೋಗಬೇಕಾಯಿತು. ಮೊದಲ ಸಲ ಅವಸರದಲ್ಲಿ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ನೀವು ಹಾಗೆ ಮಾಡಬೇಡಿ. "ಯಾಕೆ ಈಗ ಬೇಡ? ಇನ್ನು ಯಾವಾಗ ಬರಬೇಕು?" ಎಂದು ಕೇಳಿ. ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳುವುದು ನಮ್ಮ ಹಕ್ಕು.

"ಹಿಂದೆ ಇಷ್ಟೆಲ್ಲ ಇರಲಿಲ್ಲವಲ್ಲ?"

ನಮ್ಮ ಹಿರಿಯರು ಕೆಲವರು ಹೀಗೆ ಕೇಳುತ್ತಾರೆ. "ಮೋದಿ ಡಾಕ್ಟರು ಒಂದೇ ದಿನ ನೂರಾರು ಜನರ ಕಣ್ಣು ಮಾಡ್ತಿದ್ರು. ಈಗ ಯಾಕೆ ಇಷ್ಟು ಪರೀಕ್ಷೆ?"

ಡಾ. ಎಂ.ಸಿ. ಮೋದಿ ಅವರು 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದರು. ಊರೂರು ತಿರುಗಿ ಉಚಿತ ಕಣ್ಣಿನ ಶಿಬಿರ ನಡೆಸಿದರು. ಲಕ್ಷಾಂತರ ಬಡವರಿಗೆ ಬೆಳಕು ಕೊಟ್ಟರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು. ಆಸ್ಪತ್ರೆ ಇಲ್ಲದ ಕಾಲದಲ್ಲಿ ಅವರು ಮಾಡಿದ ಕೆಲಸ ದೊಡ್ಡದು.

ಕಾಲ ಬದಲಾಗಿದೆ. ಭಾರತದಲ್ಲಿ 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಕಣ್ಣಿನ ಆಸ್ಪತ್ರೆಗಳು ಹೆಚ್ಚಿದವು. ಈಗ ಊರಿನ ಶಿಬಿರದಲ್ಲಿ ತಪಾಸಣೆ ಮಾಡುತ್ತಾರೆ. ಆಪರೇಷನ್‌ಗೆ ಆಸ್ಪತ್ರೆಗೇ ಕರೆದುಕೊಂಡು ಹೋಗುತ್ತಾರೆ. ಶುದ್ಧವಾದ ಕೋಣೆ ಬೇಕು ಎಂಬುದೇ ಇದಕ್ಕೆ ಕಾರಣ. ಪರೀಕ್ಷೆ ಹೆಚ್ಚಾದದ್ದು ನಮ್ಮ ಒಳ್ಳೆಯದಕ್ಕೇ.

ನಾವು ಮಾಡಬೇಕಾದದ್ದು ಏನು?

ಮುಚ್ಚಿಡಬೇಡಿ. ಕಣ್ಣಲ್ಲಿ ನೀರು, ಗೀಜು ಬರುತ್ತದೆಯೇ? ರೆಪ್ಪೆಯಲ್ಲಿ ಕುರು ಇದೆಯೇ? ಕಣ್ಣು ಕೆಂಪಾಗಿದೆಯೇ? ಕಿವಿ ಸೋರುತ್ತದೆಯೇ? ಹಲ್ಲಿನಲ್ಲಿ ಕೀವು, ಕಾಲಲ್ಲಿ ಮಾಗದ ಹುಣ್ಣು, ಜ್ವರ, ಕೆಮ್ಮು ಇದೆಯೇ? ಎಲ್ಲ ಹೇಳಿ. ಮೊದಲು ಅದು ವಾಸಿಯಾಗಲಿ.

ಸಕ್ಕರೆ ಕಾಯಿಲೆ ಇದ್ದರೆ ಹೇಳಿ. ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಸೋಂಕಿನ ಭಯ ಹೆಚ್ಚು. ಗಾಯವೂ ಬೇಗ ಮಾಗುವುದಿಲ್ಲ. ಸಕ್ಕರೆ ಹತೋಟಿಗೆ ತಂದುಕೊಂಡೇ ಹೋಗಿ. ನುಂಗುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ.

ಹನಿ ಔಷಧ ಕೊಟ್ಟರೆ ಹೇಳಿದ ಹಾಗೆ ಹಾಕಿ. ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಬಾಟಲಿಯ ತುದಿ ಕಣ್ಣಿಗೆ, ರೆಪ್ಪೆಗೆ, ಬೆರಳಿಗೆ ತಾಗಬಾರದು. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ. ಬಾಟಲಿಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಂಕಿಯಲ್ಲಿ ಇರುತ್ತದೆ. ನಿಮಗೆ ಅಂಕಿ ಬರುತ್ತದೆ. ಓದಿ ನೋಡಿ. ಮುಚ್ಚಳ ತೆಗೆದ ತಾರೀಕು ಬಾಟಲಿಯ ಮೇಲೆ ಬರೆಯಿರಿ. ಸಾಮಾನ್ಯವಾಗಿ ತೆರೆದು ಒಂದು ತಿಂಗಳಾದ ಹನಿ ಬಳಸಬಾರದು.

ಮನೆ ಮದ್ದು ಬೇಡ. ನಂದಿಬಟ್ಟಲು ಹೂವಿನ ನೀರು, ಜೇನುತುಪ್ಪ, ಎದೆ ಹಾಲು, ಹರಳೆಣ್ಣೆ, ಸೊಪ್ಪಿನ ರಸ ಇವನ್ನು ಕಣ್ಣಿಗೆ ಬಿಡಬೇಡಿ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದರ ಜೊತೆ ಕಾಣದ ರೋಗಾಣು ಕಣ್ಣಿಗೆ ಹೋಗಬಹುದು. ಕಾಡಿಗೆಯೂ ಬೇಡ.

ಹಿಂದಿನ ದಿನ ತಲೆಗೆ ಸ್ನಾನ ಮಾಡಿ. ಮುಖವನ್ನು ಸೋಪು ಹಚ್ಚಿ ತೊಳೆಯಿರಿ. ಕಣ್ಣು ಮುಚ್ಚಿಕೊಂಡು ರೆಪ್ಪೆಯ ಅಂಚನ್ನು ಶುದ್ಧ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಕುದಿಸಿ ಆರಿಸಿದ ಬೆಚ್ಚನೆಯ ನೀರು ಬಳಸಿ. ಉಗುರು ಕತ್ತರಿಸಿ. ಮರುದಿನ ತಲೆಗೆ ಎಣ್ಣೆ, ಮುಖಕ್ಕೆ ಪೌಡರು, ಕುಂಕುಮ ಬೇಡ. ತೊಳೆದ ಬಟ್ಟೆ ಉಟ್ಟುಕೊಂಡು ಹೋಗಿ. ಅವತ್ತು ಕೊಟ್ಟಿಗೆ, ಸಗಣಿ ಕೆಲಸ ಬೇರೆಯವರು ಮಾಡಲಿ.

ಆಪರೇಷನ್ ಆದ ಮೇಲೂ ಎಚ್ಚರ ಬೇಕು. ನೋವು ಹೆಚ್ಚಾದರೆ, ಕಣ್ಣು ಕೆಂಪೇರಿದರೆ, ದೃಷ್ಟಿ ಮಂಜಾಗುತ್ತ ಬಂದರೆ ಅದೇ ದಿನ ಆಸ್ಪತ್ರೆಗೆ ಹೊರಡಿ. "ನಾಳೆ ನೋಡೋಣ" ಅನ್ನಬೇಡಿ. ನಮ್ಮದು ಕಾಡಿನ ನಡುವಿನ ಊರು. ಯಲ್ಲಾಪುರದಿಂದ ಹುಬ್ಬಳ್ಳಿ ಸುಮಾರು 70 ಕಿಲೋಮೀಟರ್. ಮಳೆಗಾಲದಲ್ಲಿ ಬಸ್ಸು ತಪ್ಪುವುದೂ ಉಂಟು. ಆದ್ದರಿಂದ ಯಾರ ವಾಹನ ಸಿಗುತ್ತದೆ, ಆಸ್ಪತ್ರೆಯ ಫೋನ್ ನಂಬರು ಯಾವುದು ಎಂದು ಆಪರೇಷನ್‌ಗೆ ಹೋಗುವ ಮೊದಲೇ ಬರೆದಿಡಿ.

ಅಜ್ಜಿ ಈಗ ಹೇಗಿದ್ದಾರೆ?

ಮೊದಲು ಕಣ್ಣೀರಿನ ಚೀಲಕ್ಕೆ ಸಣ್ಣ ಆಪರೇಷನ್ ಆಯಿತು. ಗಾಯ ಮಾಗಿತು. ಗೀಜು ನಿಂತಿತು. ಒಂದೂವರೆ ತಿಂಗಳ ಮೇಲೆ ಪೊರೆ ತೆಗೆದರು. ಆ ದಿನ ಬೆಳಿಗ್ಗೆ ಕಂದು ಔಷಧ ಬಿಟ್ಟಾಗ ಅಜ್ಜಿ ಮನಸ್ಸಿನಲ್ಲೇ ಎಣಿಸುತ್ತಿದ್ದರಂತೆ. "ಮೂರು ನಿಮಿಷ ಅಂದ್ರೆ ಮೂರು ಅರವತ್ತು. ನೂರಾ ಎಂಬತ್ತರ ತನಕ ಎಣಿಸಿದೆ ಅಕ್ಕೋರೆ" ಎಂದು ನಕ್ಕರು.

ಈಗ ಅವರು ತಿರುಗಿ ಕಲಿಕೆಗೆ ಬರುತ್ತಿದ್ದಾರೆ. ಈ ಪಾಠವನ್ನು ಮೊದಲು ಓದಿದವರೂ ಅವರೇ. ಕೇರಿಯಲ್ಲಿ ಯಾರಿಗಾದರೂ ಆಪರೇಷನ್ ದಿನ ಮುಂದೆ ಹೋದರೆ, "ದಿನ ಹೋದ್ರೆ ಹೋಗ್ಲಿ, ಕಣ್ಣು ಇರ್ಲಿ" ಎಂದು ಅವರೇ ಸಮಾಧಾನ ಹೇಳುತ್ತಾರೆ.

ನೆನಪಿಡಿ

ಸೋಂಕಿನ ಬ್ಯಾಕ್ಟೀರಿಯಾ ಹೆಚ್ಚಾಗಿ ನಮ್ಮ ರೆಪ್ಪೆಯಿಂದಲೇ ಬರುತ್ತದೆ.
ಕಣ್ಣಲ್ಲಿ ನೀರು, ಗೀಜು ಇದ್ದರೆ ಮುಚ್ಚಿಡಬಾರದು.
ಆಪರೇಷನ್ ಮುಂದೆ ಹೋದರೆ ಕಾರಣ ಕೇಳಬೇಕು. ಹೇಳಿದ ದಿನ ತಪ್ಪದೆ ಹೋಗಬೇಕು.

ಓದಿ, ಮಾತನಾಡಿ

1. ಕಣ್ಣಿನ ಹೊರಗಿನ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ. ಒಳಗೆ ಹೋದರೆ ಬೇಗ ಬೆಳೆಯುತ್ತದೆ. ಯಾಕೆ?
2. ಅಜ್ಜಿ ಕಣ್ಣೀರನ್ನು ಒರೆಸಿಕೊಂಡು, ವಿಷಯ ಮುಚ್ಚಿಟ್ಟು ಬೇರೆ ಆಸ್ಪತ್ರೆಗೆ ಹೋಗಿದ್ದರೆ ಏನಾಗಬಹುದಿತ್ತು?
3. ನಿಮ್ಮ ಮನೆಯಲ್ಲಿ ಕಣ್ಣಿನ ಹನಿ ಬಾಟಲಿ ಇದೆಯೇ? ಅದರ ಅವಧಿ ಯಾವ ತಿಂಗಳಿಗೆ, ಯಾವ ವರ್ಷಕ್ಕೆ ಮುಗಿಯುತ್ತದೆ? ಓದಿ ಬರೆಯಿರಿ.
4. ನಿಮ್ಮ ಕೇರಿಯಲ್ಲಿ ಪೊರೆ ಬಂದು ಮನೆಯಲ್ಲೇ ಕೂತವರು ಇದ್ದಾರೆಯೇ? ಅವರಿಗೆ ಈ ಪಾಠ ಓದಿ ಹೇಳಿ.